‘ಪುನರಾವರ್ತನೆ 9’ ಎಂದರೆ ತೂತು ಎಷ್ಟು?

ಮಿತ್ರರೇ,

ಸಿಎನ್‌ಸಿ ಮಿಲ್ಲಿಂಗ್ ಯಂತ್ರ (ಗಣಕಕ್ಕೆ ಬರೆದುಕೊಟ್ಟ ಆದೇಶದಂತೆ ಲೋಹ ಕೊರೆಯುವ ಯಂತ್ರ) ನಡೆಸುವ ಹುಡುಗರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದೇ ನೇರದಲ್ಲಿ ಸಮದೂರಕ್ಕೆ ತೂತು ಕೊರೆಯುವ ಪಾಠದಲ್ಲಿ ಎರಡು ಪದಗಳು ಕಾಡುತ್ತಿವೆ.

ಮೊದಲನೆಯದು ಎಣಿಕೆ. ಹತ್ತು ತೂತು, 20 ಮಿ.ಮೀ.ಗೊಂದು ಬೇಕು ಎನ್ನಿ. ಫ್ಯಾನುಕ್ ಕಂಪನಿಯ ನಿಯಂತ್ರಕದಲ್ಲಿ (ಯಂತ್ರ ನಡೆಸುವ ಗಣಕದಲ್ಲಿ) ಜಿ81 ಎಂಬ ಕೊರೆಯುವ ಆದೇಶದಿಂದ ಮೊದಲ ತೂತು ಕೊರೆದು, ಮುಂದೆ ‘ಜಿ91 ಎಕ್ಸ್20. ಕೆ9’ ಎಂದು ಬರೆದರೆ ಉಳಿದ ಒಂಬತ್ತೂ ಬೀಳುತ್ತವೆ. ಜಿ91 ಎಂದರೆ ‘ಇದ್ದಲ್ಲಿಂದ ಅಳೆ’, ಎಕ್ಸ್20. ಎಂದರೆ 20 ಮಿ.ಮೀ. ಸರಿ, ಕೆ9 ಎಂದರೆ ಹಾಗೆ ಒಂಬತ್ತು ಸಲ. ಜಿ91 ಮರೆತು ಜಿ90ರಲ್ಲೇ (‘ಶೂನ್ಯ ಬಿಂದುವಿನಿಂದ ಅಳೆ’) ಬಿಟ್ಟರೆ ಡ್ರಿಲ್ ಒಂದೇ ಜಾಗವನ್ನು ಒಂಬತ್ತು ಸಲ ಕುಟ್ಟುತ್ತದೆ.

ಈ ‘ಕೆ’ಯನ್ನು ನಾನು ‘ಪುನರಾವರ್ತನೆ’ ಎಂದು ಬರೆದಿದ್ದೆ. ಕರಡು ಓದಿದ ಹುಡುಗ, ಹತ್ತು ತೂತಿಗೆ ಹತ್ತು ಪುನರಾವರ್ತನೆ ಎಂದು ಕೆ10 ಹಾಕಿದ. ಹನ್ನೊಂದನೆಯದು ಕ್ಲಾಂಪಿನ ನೆತ್ತಿಗೆ ಇಳಿದು ಡ್ರಿಲ್ ಮುರಿಯಿತು. ಬೈಯಲು ಹೋದವನು ಸುಮ್ಮನಾದೆ. ಪದ ನನ್ನದೇ ಆಗಿತ್ತು.

‘ಪುನಃ’ ಎಂಬುದು ಅದರೊಳಗೇ ಇದೆ, ಮೊದಲನೆಯದನ್ನು ಬಿಟ್ಟು ಎಣಿಸಬೇಕು ಎಂದು ವ್ಯಾಕರಣದಿಂದ ವಾದಿಸಬಹುದು. ಆದರೆ ‘ಮೂರು ಸಲ ಪುನರಾವರ್ತಿಸಿ’ ಎಂದರೆ ಕನ್ನಡಿಗರಲ್ಲಿ ಅರ್ಧ ಜನ ಒಟ್ಟು ಮೂರು ಸಲ ಮಾಡುತ್ತಾರೆ. ತಾಳದಲ್ಲಿ ಈ ಗೊಂದಲವಿಲ್ಲ: ನಾಲ್ಕು ಆವರ್ತನ ಎಂದರೆ ಮೊದಲ ಸುತ್ತೂ ಸೇರಿ ನಾಲ್ಕು. ಸೀಮೆನ್ಸ್‌ನವರ ನಿಯಂತ್ರಕದ ‘ಹೋಲ್ಸ್1’ ಸೈಕಲ್ (ಸಾಲಾಗಿ ತೂತು ಕೊರೆಯುವ ಸಿದ್ಧ ಆದೇಶ) ಕೇಳುವುದು ಇಂಥ ಒಟ್ಟು ಎಣಿಕೆಯನ್ನೇ. ಹಾಗಾದರೆ ಅಲ್ಲಿಗೆ ‘ಆವರ್ತನ 10’, ಫ್ಯಾನುಕ್‌ಗೆ ‘ಪುನರಾವರ್ತನ 9’ ಎನ್ನೋಣವೇ? ಕಾಗದದ ಮೇಲೆ ಚಂದ. ಯಂತ್ರದ ಸದ್ದಿನಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ಸದ್ಯಕ್ಕೆ ‘ಒಟ್ಟು 10’, ‘ಇನ್ನೂ 9’ ಎಂದು ತಿದ್ದಿದ್ದೇನೆ. ಪಾರಿಭಾಷಿಕ ಪದಗಳ ಗಾಂಭೀರ್ಯ ಇವಕ್ಕಿಲ್ಲ, ಆದರೆ ಡ್ರಿಲ್ ಉಳಿಯುತ್ತದೆ.

ಎರಡನೆಯದು ಪಿಚ್, ಅಂದರೆ ಒಂದು ತೂತಿನ ಮಧ್ಯದಿಂದ ಮುಂದಿನದರ ಮಧ್ಯಕ್ಕಿರುವ ದೂರ. ‘ಅಂತರ’ ಎಂದು ಬರೆದರೆ ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆ ಏಳುತ್ತದೆ. 8 ಮಿ.ಮೀ. ವ್ಯಾಸದ ತೂತುಗಳ ಪಿಚ್ 20 ಆದರೆ ನಡುವೆ ಉಳಿಯುವ ಲೋಹ 12 ಮಾತ್ರ. ಆ ಹನ್ನೆರಡಕ್ಕೆ ‘ಸಂದು’ ಎಂಬ ಒಳ್ಳೆಯ ಪದವಿದೆ, ಇಪ್ಪತ್ತಕ್ಕೆ ಯಾವುದು? ಅಡಿಕೆ ತೋಟದವರು ‘ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ’ ಎನ್ನುತ್ತಾರೆ, ತೊಗಟೆಯಿಂದ ತೊಗಟೆಗೆ ಯಾರೂ ಅಳೆಯುವುದಿಲ್ಲ. ‘ಒಂಬತ್ತು ಅಡಿಗೊಂದು’ ಎಂದರಂತೂ ಮಧ್ಯದಿಂದ ಮಧ್ಯಕ್ಕೆ ಎಂಬುದು ತಾನಾಗಿ ಬಂದುಬಿಡುತ್ತದೆ. ಆದರೆ ಆ ‘ಗೊಂದು’ವನ್ನು ಕೋಷ್ಟಕದ ತಲೆಬರಹವಾಗಿ ಬರೆಯುವುದು ಹೇಗೆ?

ತೂತುಗಳು ಉದ್ದಕ್ಕೂ ಅಡ್ಡಕ್ಕೂ ಹಬ್ಬಿದಾಗ ರಂಗೋಲಿಯ ‘ಏಳು ಚುಕ್ಕಿ, ಏಳು ಸಾಲು’ ಕೈಹಿಡಿಯುತ್ತದೆ. ಹೈಡೆನ್‌ಹೈನ್ ಕಂಪನಿಯ ನಿಯಂತ್ರಕದ 221ನೇ ಸೈಕಲ್ ಕೇಳುವುದೂ ಹೆಚ್ಚುಕಡಿಮೆ ಇದನ್ನೇ, ಜೊತೆಗೆ ಎರಡು ದಿಕ್ಕಿನ ಪಿಚ್. ತೊಡಕೆಂದರೆ, ಪ್ರೋಗ್ರಾಮಿನ ಒಂದೊಂದು ಆದೇಶಕ್ಕೂ ನಾವು ‘ಸಾಲು’ ಎಂದೇ ಹೇಳುತ್ತೇವೆ. ‘ಮುಂದಿನ ಸಾಲಿಗೆ ಹೋಗು’ ಎಂದರೆ ಹುಡುಗ ಪರದೆ ನೋಡಬೇಕೋ, ಲೋಹದ ತಟ್ಟೆ ನೋಡಬೇಕೋ? ಆದೇಶಕ್ಕೆ ‘ಬ್ಲಾಕ್’ ಉಳಿಸಿ, ‘ಸಾಲು’ ತೂತುಗಳಿಗೇ ಇರಲಿ ಎಂಬುದು ನನ್ನ ಒಲವು.

ಪಿಚ್‌ಗೆ ಹೊಸ ಪದ ಕಟ್ಟಿಕೊಡಿ ಎಂದು ಕೇಳುತ್ತಿಲ್ಲ. ನಿಮ್ಮ ಮನೆಗಳಲ್ಲಿ ಬಡಗಿ ಕೆಲಸ ಮಾಡಿದ ಹಿರಿಯರಿದ್ದರೆ, ಮಾಡಿಗೆ ಪಕಾಸು ಕೂರಿಸುವಾಗ ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅಳೆದ ದೂರವನ್ನು ಅವರು ಏನೆಂದು ಕರೆಯುತ್ತಿದ್ದರು? ಊರಿನ ಹೆಸರೊಂದಿಗೆ ತಿಳಿಸಿದರೆ ಉಪಕಾರ.