ಚರ್ಚಿನ ವಾಳೆಗಳಿಗೆ ಮತ್ತೆ ಜೀವ ತುಂಬಲು ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ: ಉಡುಪಿ ಕಡೆಯ ಚರ್ಚ್. ಭಾನುವಾರದ ಬಲಿಪೂಜೆ ಮುಗಿದ ಕೂಡಲೇ ಅಂಗಳ ಖಾಲಿ. ವಾಳೆಯ (ಚರ್ಚಿನ ವ್ಯಾಪ್ತಿಯ ನೆರೆಹೊರೆ ಮನೆಗಳ ಗುಂಪು) ತಿಂಗಳ ಕೂಟಕ್ಕೆ ಬರುವುದು ಅದೇ ಐದಾರು ಮಂದಿ. ಮಕ್ಕಳು ಗಲ್ಫ್‌ನಲ್ಲಿ ಇಲ್ಲವೇ ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದವರು ಮಾತ್ರ. ವಾಳೆಯನ್ನು ಮುನ್ನಡೆಸುವ ಹೊಸ ಗುರಿಕಾರರಿಗೆ ಏನು ಹೇಳಿಕೊಡಬೇಕು?

ವಾಳೆಗಳಂಥ ಕಿರು ಸಮುದಾಯಗಳಿಗೆ ತರಬೇತಿ ಕೊಡುವವರು:
ಮೊದಲು ವಾಳೆಯ ಗಾತ್ರ ನೋಡಿ. 40–50 ಮನೆಗಳಿದ್ದರೆ ಯಾರ ಚಾವಡಿಯಲ್ಲೂ ಜಾಗ ಸಾಲದು, ಯಾರು ಬರಲಿಲ್ಲವೆಂಬುದೂ ಗೊತ್ತಾಗದು. 15–20 ಮನೆಗಳ ಗುಂಪು ಸರಿ.

ಕೂಟಕ್ಕೆ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದ, ಒಟ್ಟಾಗಿ ಬೈಬಲ್ ಓದಿ ಹಂಚಿಕೊಳ್ಳುವ ಏಳು ಹೆಜ್ಜೆಗಳ ಕ್ರಮವೇ ಸಾಕು, ಒಂದು ಗಂಟೆಯೊಳಗೆ ಮುಗಿಯುತ್ತದೆ. ಪ್ರಭುವನ್ನು ಆಹ್ವಾನಿಸುವ ಪ್ರಾರ್ಥನೆ, ಮುಂದಿನ ಭಾನುವಾರದ ಶುಭಸಂದೇಶದ ಓದು, ಮನಸ್ಸಿಗೆ ನಾಟಿದ ಪದವನ್ನೋ ಸಾಲನ್ನೋ ಒಬ್ಬೊಬ್ಬರಾಗಿ ಮೂರು ಸಲ ಹೇಳುವುದು, ಐದು ನಿಮಿಷ ಮೌನ, ಹಂಚಿಕೆ, ಈ ತಿಂಗಳು ಮಾಡಬೇಕಾದ ಕೆಲಸ, ಕೊನೆಗೆ ಸ್ವಂತ ಮಾತಿನ ಪ್ರಾರ್ಥನೆ.

ಎಡವುವುದು ಎರಡು ಕಡೆ. ಐದನೆಯ ಹೆಜ್ಜೆಯಲ್ಲಿ ಬೈಬಲ್ ಚೆನ್ನಾಗಿ ಬಲ್ಲ ಒಬ್ಬರು ಪ್ರವಚನ ಶುರುಮಾಡುತ್ತಾರೆ, ಉಳಿದವರು ಬಾಯಿ ಮುಚ್ಚುತ್ತಾರೆ. ಅಲ್ಲಿ ವಾದವೂ ಬೇಡ, ಉಪದೇಶವೂ ಬೇಡ, ‘ನನಗೆ ಹೀಗನಿಸಿತು’ ಎಂಬಷ್ಟೇ ಇರಲಿ. ಆರನೆಯದನ್ನು ಹೊತ್ತಾಯಿತೆಂದು ಬಿಟ್ಟುಬಿಡುತ್ತಾರೆ. ಅದು ಬಿಟ್ಟುಹೋದರೆ ಕೂಟ ಬರೀ ಜಪಸರದ ಗುಂಪಾಗುತ್ತದೆ. ಯಾವ ಕೆಲಸ, ಯಾರ ಹೊಣೆ, ಯಾವ ದಿನದೊಳಗೆ ಎಂದು ಪುಸ್ತಕದಲ್ಲಿ ಬರೆಯಿರಿ, ಮುಂದಿನ ಕೂಟದಲ್ಲಿ ಅದನ್ನೇ ಮೊದಲು ಓದಿ. ‘ಬಡವರಿಗೆ ನೆರವಾಗೋಣ’ ಎಂಬುದು ಕೆಲಸವಲ್ಲ. ‘ಗುರುವಾರ ಇಂಥವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವುದು’ ಎಂಬುದು ಕೆಲಸ.

ಪಾಲನಾ ಮಂಡಳಿಯ (ಚರ್ಚಿನ ಗುರುಗಳಿಗೆ ಸಲಹೆ ಕೊಡುವ ಪರಿಷತ್ತು) ಕಾರ್ಯದರ್ಶಿಯೊಬ್ಬರು:
ಏಳು ಹೆಜ್ಜೆ ಆಮೇಲೆ. ಜನ ಏಕೆ ಬರುತ್ತಿಲ್ಲ ಎಂಬುದನ್ನು ಮೊದಲು ನೋಡಿ. ಬಹುತೇಕ ಕಡೆ ಕಾರಣ ದುಡ್ಡು. ವಂತಿಗೆ, ಹಬ್ಬದ ಕೂಪನ್, ಕಟ್ಟಡ ನಿಧಿ ಎಲ್ಲವೂ ವಾಳೆಯ ಕೂಟದಲ್ಲೇ ಬಂದರೆ ಬಾಕಿ ಇರುವವರು ಮುಖ ತೋರಿಸುವುದಿಲ್ಲ. ವಸೂಲಿಯನ್ನು ಕಚೇರಿಗೆ ಬಿಡಿ.

ಇನ್ನೊಂದು ತಿಂಡಿ. ಒಬ್ಬರು ಪಲಾವ್ ಮಾಡಿಸಿದರೆ ಮುಂದಿನ ಸರದಿಯವರು ‘ನಮ್ಮಲ್ಲಿ ಬೇಡ’ ಎನ್ನುತ್ತಾರೆ. ಚಹಾ, ಒಂದು ತಿಂಡಿ, ಅಷ್ಟೇ ಎಂಬ ನಿಯಮ ಎಲ್ಲ ಮನೆಗೂ ಒಂದೇ ಇರಲಿ.

ಮಂಡಳಿಯ ಮಿತಿಯೂ ತಿಳಿದಿರಲಿ. ಕಥೋಲಿಕ ಧರ್ಮಸಭೆಯ ಕಾನೂನಿನ 536ನೇ ವಿಧಿಯ ಪ್ರಕಾರ ಪಾಲನಾ ಮಂಡಳಿಗೆ ಸಲಹೆಯ ಅಧಿಕಾರ ಮಾತ್ರ. ಹಣಕಾಸು ಸಮಿತಿಯಾದರೋ 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ (ಪ್ಯಾರಿಷ್) ಇರಲೇಬೇಕು. ಇದು ಗೊತ್ತಿಲ್ಲದೆ ‘ನಮ್ಮ ಠರಾವನ್ನು ಫಾದರ್ ಒಪ್ಪಲಿಲ್ಲ’ ಎಂದು ಮುನಿಸಿಕೊಂಡು ಹೋಗುವವರೇ ಹೆಚ್ಚು. ವಾಳೆಯಿಂದ ಬಂದ ಸಲಹೆ ಏನಾಯಿತೆಂದು ಮುಂದಿನ ತಿಂಗಳು ಗುರಿಕಾರರ ಮೂಲಕವೇ ತಿಳಿಸಿ. ಆಗದಿದ್ದರೆ ಏಕೆ ಆಗಲಿಲ್ಲವೆಂದೂ ಹೇಳಿ.

ರೋಗಿಗಳಿಗೆ ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಒಯ್ಯುವ ಸೇವೆಯವರು:
ಹಾಸಿಗೆ ಹಿಡಿದವರ ಪಟ್ಟಿ ಪ್ರತಿ ತಿಂಗಳು ಹೊಸದಾಗಲಿ, ಹಳೆಯದರಲ್ಲಿ ತೀರಿಕೊಂಡವರ ಹೆಸರೂ ಉಳಿದಿರುತ್ತದೆ. ಪರಮಪ್ರಸಾದ ಒಯ್ಯಲು ಜನಸಾಮಾನ್ಯರಿಗೆ ಅಧಿಕೃತ ನೇಮಕ ಬೇಕು. ಹೋಗುವ ಮುನ್ನ ಮನೆಯವರಿಗೆ ಫೋನ್ ಮಾಡಿ: ಮೇಜಿನ ಮೇಲೆ ಬಿಳಿ ಬಟ್ಟೆ, ಮೇಣದಬತ್ತಿ, ಒಂದು ಲೋಟ ನೀರು. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದ ನಿಯಮ ವೃದ್ಧರಿಗೂ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಇಲ್ಲ. ಇದು ತಿಳಿಯದೆ ಸಕ್ಕರೆ ಕಾಯಿಲೆಯ ಅಜ್ಜಿಯಂದಿರು ಬೆಳಗಿನಿಂದ ಹಸಿದು ಕೂರುತ್ತಾರೆ. ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ. ಮಕ್ಕಳು ದೂರದಲ್ಲಿರುವ ಮನೆಗೆ ಬೇಕಾದದ್ದು ಅದೂ ಹೌದು.

ಧರ್ಮೋಪದೇಶದ ಶಿಕ್ಷಕಿಯೊಬ್ಬರು:
ಶುರುಮಾಡಲು ಮೊಂತಿ ಹಬ್ಬಕ್ಕಿಂತ (ಮಾತೆ ಮರಿಯಮ್ಮನವರ ಜನ್ಮದಿನದ ತೆನೆಹಬ್ಬ) ಒಳ್ಳೆಯ ಹೊತ್ತಿಲ್ಲ. ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗಿನ, ಹಬ್ಬಕ್ಕೆ ಮುಂಚಿನ ಪ್ರಾರ್ಥನೆಯ ಒಂಬತ್ತು ದಿನಗಳನ್ನು ವಾಳೆಗಳಿಗೆ ಹಂಚಿ. ಆಯಾ ದಿನದ ವಾಚನ, ಹಾಡು, ಮಕ್ಕಳಿಗೆ ಹೂವು ಅವರದೇ ಹೊಣೆ. 8ರಂದು ಆಶೀರ್ವದಿಸಿದ ತೆನೆಯನ್ನು ಚರ್ಚಿಗೆ ಬರಲಾಗದವರ ಮನೆಗೆ ಯುವಕರೇ ಮುಟ್ಟಿಸಲಿ; ಪಟ್ಟಿ ಹೇಗೂ ಪರಮಪ್ರಸಾದ ಒಯ್ಯುವವರ ಬಳಿ ಇದೆ. ಕೊಂಕಣಿ ಬಾರದ ಕುಟುಂಬಗಳೂ ಈಗ ವಾಳೆಗಳಲ್ಲಿರುತ್ತವೆ. ಅವರಿಗಾಗಿ ಒಂದು ವಾಚನ ಕನ್ನಡದಲ್ಲಿರಲಿ, ಓದುವವರೂ ಅವರೇ ಆಗಲಿ. ವಾಟ್ಸಾಪ್ ಗುಂಪು ತಾರೀಕು ತಿಳಿಸುವುದಕ್ಕೆ ಮಾತ್ರ. ಮೊದಲ ಕರೆಗೆ ಗುರಿಕಾರರು ಮನೆಬಾಗಿಲಿಗೇ ಹೋಗಬೇಕು.