ಪದ ಬೇಕು: ಹಡಗಿನ ಮರದ ಬ್ಯಾಡ್ಜಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಬ್ರಿಟಿಷ್ ಯುದ್ಧನೌಕೆಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ಕೈಕಟ್ಟಿ ಕೂತಿದ್ದೇನೆ.

ಲಂಡನ್ನಿನ ಗ್ರೀನಿಚ್‌ನಲ್ಲಿರೋ ನ್ಯಾಷನಲ್ ಮಾರಿಟೈಮ್ ಮ್ಯೂಸಿಯಂನಂಥ ಕಡೆ ‘ಶಿಪ್ಸ್ ಬ್ಯಾಡ್ಜ್’ ಅಂತ ಇಟ್ಟಿರುತ್ತಾರೆ. ಕೆಲವು ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದಂಥವು. ಸುತ್ತಲೂ ಹಗ್ಗದ ಅಂಚು. ಹುರಿ ಕಾಣಲಿ ಅಂತ ಓರೆಯಾಗಿ ಗೀರಿರುತ್ತಾರೆ. ಮೇಲೊಂದು ಕಿರೀಟ. ಹತ್ತಿರದಿಂದ ನೋಡಿದರೆ ಆ ಕಿರೀಟದಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ. ಒಂದು ಹಾಯಿ, ಪಕ್ಕದಲ್ಲಿ ಹಡಗಿನ ಹಿಂಬದಿ, ಮತ್ತೆ ಹಾಯಿ, ಹೀಗೆ ಸಾಲಾಗಿ. ಕಿರೀಟದ ಕೆಳಗೇ ಹಡಗಿನ ಹೆಸರು, ನಡುವೆ ಆ ಹಡಗಿನದೇ ಗುರುತು.

‘ಲಾಂಛನ’ ಇದೆಯಲ್ಲ ಅಂತೀರಿ. ಇದೆ, ಒಳ್ಳೇ ಪದವೇ. ಕದಂಬರು ಸಿಂಹಲಾಂಛನ, ವಾನರಧ್ವಜ ಅಂತ ಎರಡನ್ನೂ ಬೇರೆಬೇರೆಯಾಗಿ ಹೇಳಿಕೊಂಡವರು. ಜಿನಬಿಂಬದ ಪೀಠದಲ್ಲಿ ಎತ್ತೋ ಹಾವೋ ಇದ್ದರೆ ಅದೂ ಲಾಂಛನವೇ. ಆದರೆ ನನಗೆ ಲಾಂಛನ ಅಂದರೆ ಗುರುತು, ವಸ್ತುವಲ್ಲ. ನಮ್ಮ ಗಂಡಭೇರುಂಡವನ್ನೇ ನೋಡಿ. ರಾಜ್ಯ ಸರ್ಕಾರದ ಕಾಗದದ ಮೇಲೆ ಅದೇ, ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಅದೇ, 1999ರಲ್ಲಿ ನೌಕಾಪಡೆಗೆ ಸೇರಿದ ಐಎನ್‌ಎಸ್ ಮೈಸೂರು ಹಡಗಿನ ಕ್ರೆಸ್ಟಿನಲ್ಲೂ, ಅಂದರೆ ಬ್ಯಾಡ್ಜಿನಲ್ಲೂ, ಅದೇ. ಲಾಂಛನ ಒಂದೇ, ವಸ್ತು ಮೂರು. ನನಗೆ ಬೇಕಾದ್ದು ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಆ ವಸ್ತುವಿನ ಹೆಸರು.

‘ಬಿಲ್ಲೆ’ ಅಂದರೆ ಹೇಗೆ? ದಫೇದಾರರ ಎದೆ ಮೇಲಿನ ಹಿತ್ತಾಳೆ ಬಿಲ್ಲೆ ಬ್ಯಾಡ್ಜೇ ತಾನೇ. ಜಡೆಬಿಲ್ಲೆಯಲ್ಲಿ ಕುಸುರಿ ಕೆಲಸದ ಅರ್ಥವೂ ಸಿಗುತ್ತದೆ. ನನಗಂತೂ ತುಂಬ ಇಷ್ಟವಾಯಿತು. ತೊಡಕು ಇರೋದು ಆಕಾರದಲ್ಲಿ. 1918ಕ್ಕೆ ಮುಂಚೆ ಈ ಬ್ಯಾಡ್ಜ್‌ಗಳಿಗೆ ಕಟ್ಟುನಿಟ್ಟಿನ ನಿಯಮ ಇರಲಿಲ್ಲ. ಆ ವರ್ಷ ಬ್ರಿಟಿಷ್ ನೌಕಾ ಇಲಾಖೆ ಒಂದು ಸಮಿತಿ ಮಾಡಿತು. ಇಂಪೀರಿಯಲ್ ವಾರ್ ಮ್ಯೂಸಿಯಂನ ಕ್ಯುರೇಟರ್ ಚಾರ್ಲ್ಸ್ ಫೋಕ್ಸ್ ವಿನ್ಯಾಸದ ಹೊಣೆ ಹೊತ್ತರು. ಆಗ ಯುದ್ಧನೌಕೆಯ ಬಗೆಗೆ ತಕ್ಕಂತೆ, ಬ್ಯಾಟಲ್‌ಶಿಪ್‌ಗೆ ಗುಂಡಗೆ, ಕ್ರೂಸರ್‌ಗೆ ಐದು ಮೂಲೆ, ಡಿಸ್ಟ್ರಾಯರ್‌ಗೆ ಗುರಾಣಿ ಅಂತ ಆಕಾರ ಗೊತ್ತುಮಾಡಿದರು. ಐದು ಮೂಲೆಯ ಬಿಲ್ಲೆ! ನನ್ನ ಕಿವಿಗೆ ಒಗ್ಗುತ್ತಿಲ್ಲ. ಬಿಲ್ಲೆ ಗುಂಡಗೇ ಇರಬೇಕು ಅಂತೇನಿಲ್ಲ, ಚೌಕದ್ದೂ ಉಂಟು ಅಂತ ಯಾರಾದರೂ ಬಳಕೆ ತೋರಿಸಿದರೆ ಖುಷಿಯಿಂದ ಅದನ್ನೇ ಹಾಕ್ತೀನಿ.

‘ಲಾಂಛನ ಫಲಕ’ ಸರಿಯೇ, ಸುಮ್ನೆ ಸರ್ಕಾರಿ ವಾಸನೆ ಜಾಸ್ತಿ. ‘ಲಾಂಛನದ ಹಲಗೆ’ ಅಂದರೆ ಮರದ್ದಕ್ಕೆ ಹೊಂದುತ್ತದೆ, ಹಿತ್ತಾಳೆಯದಕ್ಕೆ ಹೊಂದೋದಿಲ್ಲ. ಲೋಹದ ಬ್ಯಾಡ್ಜ್ ಎರಕ ಹೊಯ್ಯಲು ಮೊದಲು ಮರದಲ್ಲಿ ಕೆತ್ತಿಕೊಳ್ಳುತ್ತಿದ್ದದ್ದೂ ಉಂಟು. ಅಂಥದನ್ನು ‘ಎರಕದ ಮಾದರಿ’ ಅಂತ ಬಿಡಿಸಿ ಬರೆದರೆ ಸಾಕು ಅನಿಸುತ್ತದೆ.

ಇನ್ನೊಂದು ಸಂಗತಿ. ಹಳೇ ಹಾಯಿಹಡಗುಗಳ ಮೂತಿಯಲ್ಲಿ ಇರುತ್ತಿದ್ದ ಕೆತ್ತನೆಯ ಬೊಂಬೆ ಬೇರೆ, ಈ ಬ್ಯಾಡ್ಜ್ ಬೇರೆ. ಎರಡಕ್ಕೂ ‘ಲಾಂಛನ’ ಅಂದುಬಿಟ್ಟರೆ ಓದುಗರಿಗೆ ಗೊಂದಲ. 1819ರಲ್ಲಿ ಬೊಂಬಾಯಿಯ ಹಡಗುಕಟ್ಟೆಯಲ್ಲಿ ತೇಗದಿಂದ ಕಟ್ಟಿದ ‘ಸೆರಿಂಗಪಟಂ’ ಅನ್ನೋ ಹಡಗಿನ ಬೊಂಬೆ ಗ್ರೀನಿಚ್‌ನಲ್ಲೇ ಇದೆ: ದೊಡ್ಡ ಹಕ್ಕಿಯ ಮೇಲೆ ಕೂತು ಕೊಡೆ ಹಿಡಿದ ಮನುಷ್ಯ. ಹೆಸರು ನಮ್ಮ ಶ್ರೀರಂಗಪಟ್ಟಣದ್ದೇ. ಅದಕ್ಕೆ ‘ಮೂತಿಬೊಂಬೆ’ ಅಂತ ಸದ್ಯಕ್ಕೆ ಬರೆದಿದ್ದೇನೆ.

ಕರಾವಳಿಯವರು ಯಾರಾದರೂ ಇದ್ದರೆ ಕೇಳ್ತೀನಿ: ಮಂಗಳೂರು, ಮಲ್ಪೆ, ಕಾರವಾರದ ಕಡೆ ದೋಣಿಯ ಮುಂತುದಿಗೆ ಕೂರಿಸುವ ಕೆತ್ತನೆಗೋ ಬಳಿದ ಗುರುತಿಗೋ ದೋಣಿ ಕಟ್ಟುವವರು ಏನಂತಾರೆ? ಆ ಮಾತು ಸಿಕ್ಕಿದರೆ ಬೊಂಬೆಯ ಸಮಸ್ಯೆಯಾದರೂ ತೀರುತ್ತದೆ. ಬ್ಯಾಡ್ಜಿಗೆ ಈ ತನಕ ನನ್ನ ಮತ ಬಿಲ್ಲೆಗೇ.