ಪದಚರ್ಚೆ: ‘ಗರಗಸ ನೊಣ’ದಲ್ಲಿ ನೊಣ ಎಲ್ಲಿದೆ?

ಮಾನ್ಯ ಸದಸ್ಯರೇ,

ಪುಣೆಯ ಕೃಷಿ ಪ್ರದರ್ಶನವೊಂದಕ್ಕಾಗಿ ಮೂಲಂಗಿ, ಸಾಸಿವೆ, ಕೋಸುಗಳ ಕೀಟಪೀಡೆಯ ಫಲಕಗಳನ್ನು ಮರಾಠಿಯಿಂದ ಕನ್ನಡಕ್ಕೆ ತರುತ್ತಿದ್ದೇನೆ. ಮಹಾರಾಷ್ಟ್ರದ ಗಡಿಯ ಅಕ್ಕಲಕೋಟ, ಜತ್ತ ಕಡೆಯ ಕನ್ನಡ ರೈತರು ಓದಬೇಕಾದ ಬರಹವಿದು. ಗುರುವಾರ ಅಚ್ಚಿಗೆ ಹೋಗುತ್ತದೆ. ಈ ಬೆಳೆಗಳ ಎಲೆ ತಿನ್ನುವ, ಇಂಗ್ಲಿಷಿನಲ್ಲಿ ‘ಸಾಫ್ಲೈ’ ಎನ್ನುವ ಕೀಟವನ್ನು ಮರಾಠಿ ಫಲಕದಲ್ಲಿ ‘ಕರವತ ಮಾಶಿ’ (ಗರಗಸದ ನೊಣ) ಎಂದಿರುವುದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದ್ದೆ. ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಗರಗಸ ನೊಣ’ವನ್ನೇ ಎತ್ತಿಹಿಡಿದಿವೆ. ನನ್ನ ಒಪ್ಪಿಗೆಯಿಲ್ಲ.

ನೊಣಕ್ಕೆ ಎರಡು ರೆಕ್ಕೆ, ಇದಕ್ಕೆ ನಾಲ್ಕು. 1758ರಷ್ಟು ಹಿಂದೆಯೇ ಜೀವಿಗಳ ವರ್ಗೀಕರಣ ಮಾಡಿದ ವಿಜ್ಞಾನಿ ಲಿನೇಯಸ್ ಇದರ ಬಳಗವನ್ನು ನೊಣಗಳಿಂದ ಬೇರೆಯಾಗಿಸಿ ಜೇನು, ಇರುವೆ, ಕಣಜಗಳ ಗಣದಲ್ಲಿ ಇರಿಸಿದ್ದ. ಹಾಗಾದರೆ ‘ಗರಗಸ ಕಣಜ’ ಎನ್ನೋಣವೆಂದರೆ, ಕಣಜದ ಸಣ್ಣ ಸೊಂಟ ಇದಕ್ಕಿಲ್ಲ; ಮೇಲಾಗಿ ನಮ್ಮ ರೈತರಿಗೆ ಕಣಜವೆಂದರೆ ಮೊದಲು ನೆನಪಾಗುವುದು ಜೋಳ ತುಂಬಿಡುವ ಕಣಜ. ಕಡಜ, ಕಣಜ, ಮಲಯಾಳದ ಕಡನ್ನಲ್ ಇವುಗಳ ನಂಟನ್ನು ಎರಡು ಪುಟ ವಿವರಿಸಿದವರ ಶ್ರಮಕ್ಕೆ ಗೌರವವಿದೆ, ಆದರೆ ಬೇರು ಹಳೆಯದೆಂಬ ಮಾತ್ರಕ್ಕೆ ಪದ ಈ ಕೀಟಕ್ಕೆ ಸಲ್ಲುವುದಿಲ್ಲ. ‘ಗರಗಸಕೀಟ’ ಎಂದರೆ ಸಾಕು.

ಹೆಸರಿನಲ್ಲಿರುವ ಗರಗಸವನ್ನು ಮಾತ್ರ ಬಿಡುವಂತಿಲ್ಲ. ಹೆಣ್ಣುಕೀಟದ ಹೊಟ್ಟೆಯ ತುದಿಯಲ್ಲಿ ಗರಗಸದಂಥ ಅಂಗವಿದೆ; ಅದು ಎಲೆಯಂಚನ್ನು ಸೀಳಿ ಮೊಟ್ಟೆಯಿಡುವುದು ಅದರಿಂದ. ಒಂದೇ ಕುಲದ (ಜೀನಸ್) ಹತ್ತಿರಹತ್ತಿರದ ಪ್ರಭೇದಗಳನ್ನು (ಸ್ಪೀಷೀಸ್) ತಜ್ಞರು ಬೇರ್ಪಡಿಸುವುದೂ ಅದರಿಂದಲೇ. ನಮ್ಮ ಸಾಸಿವೆಯನ್ನು ಕಾಡುವ ಅಥಾಲಿಯಾ ಲುಗೆನ್ಸ್ ಪ್ರಾಕ್ಸಿಮಾ, ಯುರೋಪಿನ ಅಥಾಲಿಯಾ ರೋಸೆ ಎರಡೂ ಕಿತ್ತಳೆ ಮೈಯ, ಕರಿತಲೆಯ ಕೀಟಗಳಾದ್ದರಿಂದ ಬಣ್ಣವನ್ನು ನಂಬಿ ಕೂರಲಾಗದು. ಇಂಥಲ್ಲಿ ಹೆಣ್ಣಿನ ಗರಗಸವನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಚಪ್ಪಟೆಯಾಗಿ ಹರಡಿ, ಸೂಕ್ಷ್ಮದರ್ಶಕದಡಿ ಹಲ್ಲುಗಳ ಎಣಿಕೆ ಮತ್ತು ಆಕಾರವನ್ನು ನೋಡುತ್ತಾರೆ. ಗಂಡಾದರೆ ಜನನಾಂಗದ ಕವಾಟವನ್ನು ನೋಡುತ್ತಾರೆ. ಗರಗಸಕೀಟಗಳ ಕೆಲವು ಕುಲಗಳಲ್ಲಿ ಡಿಎನ್‌ಎ ಗುರುತು ಕೂಡ ನೆರೆಯ ಪ್ರಭೇದಗಳನ್ನು ಬಿಡಿಸಿ ತೋರಿಸುವುದಿಲ್ಲವಾದ್ದರಿಂದ ಈ ಹಲ್ಲೆಣಿಕೆ ಇಂದಿಗೂ ಬೇಕಾಗಿದೆ. ಆದ್ದರಿಂದ ಭಾಗಗಳಿಗೆ ‘ಅಲಗು’, ‘ಹಲ್ಲು’ ಎಂದು ಬಡಗಿಯ ಮಾತನ್ನೇ ಇಟ್ಟಿದ್ದೇನೆ. ಹಲ್ಲಿಗೆ ಸಂಸ್ಕೃತದ ‘ದಂತಿಕಾ’ ಬೇಡ.

‘ಪ್ರಭೇದ’ದ ಬದಲು ‘ಜಾತಿ’ ಎನ್ನಬೇಕೆಂಬ ಸಲಹೆಯೂ ಬೇಡ. ಆ ಪದವನ್ನು ಕೆಲವರು ಪ್ರಭೇದಕ್ಕೂ ಕೆಲವರು ಕುಲಕ್ಕೂ ಬಳಸಿರುವುದರಿಂದ, ಎರಡನ್ನೂ ಹೇಳಬೇಕಾದ ಫಲಕದಲ್ಲಿ ಅದು ಓದುಗನ ದಾರಿ ತಪ್ಪಿಸುತ್ತದೆ.

‘ಸಾಫ್ಲೈ’ ಎಂದೇ ಬರೆಯಿರಿ, ಬಸ್ಸು ಬಂದಂತೆ ಅದೂ ಬರಲಿ ಎಂದವರಿಗೆ ಒಂದು ಮಾತು. ಬಸ್ಸು ಜನರ ಬಾಯಿಂದ ಕನ್ನಡಕ್ಕೆ ಬಂತು. ಇದು ಯಾವ ರೈತರ ಬಾಯಲ್ಲೂ ಇಲ್ಲ. ಎರವಲಿನ ಮೇಲೆ ನನಗೆ ಹಗೆಯಿಲ್ಲ. ಅಚ್ಚಗನ್ನಡವೆಂದು ಕೆಲವರು ವಾದಿಸಿದ ‘ಗರಗಸ’ವೇ ಸಂಸ್ಕೃತದ ‘ಕ್ರಕಚ’ದ ತದ್ಭವ, ಬಡಗಿಯ ಕೈಯಲ್ಲಿ ಸವೆದು ನಮ್ಮದಾಗಿದೆ. ಅದನ್ನು ಮತ್ತೆ ‘ಕ್ರಕಚ’ವಾಗಿಸುವುದೂ ತಪ್ಪು, ಎರವಲೆಂದು ಹೊರಗಟ್ಟುವುದೂ ತಪ್ಪು.

ಒಂದು ಪದ ಇನ್ನೂ ಬೇಕು. ನಿನ್ನೆ ಊರ ಹೊರಗಿನ ತೋಟದಿಂದ ತೂತುಬಿದ್ದ ಮೂಲಂಗಿ ಎಲೆಯೊಂದನ್ನು ತಂದಿದ್ದೆ. ಅದರ ಮೇಲಿದ್ದ ಗರಗಸಕೀಟದ ಕಪ್ಪುಹಸಿರು ಮರಿಹುಳುವನ್ನು ಕಡ್ಡಿಯಿಂದ ಮುಟ್ಟಿದೊಡನೆ ಸುರುಳಿಯಾಗಿ, ಸತ್ತಂತೆ ಮೇಜಿನ ಮೇಲೆ ಬಿತ್ತು. ಮಸೂರ ಹಿಡಿದು ಎಣಿಸಿದರೆ ಎದೆಯ ಮೂರು ಜೊತೆ ಕಾಲುಗಳ ಹಿಂದೆ ಹೊಟ್ಟೆಯ ಕೆಳಗೆ ಎಂಟು ಜೊತೆ ಮೊಂಡುಗಾಲುಗಳಿದ್ದವು. ಅದೇ ಬೆಳೆಗೆ ಬೀಳುವ ವಜ್ರಬೆನ್ನಿನ ಪತಂಗದ ಮರಿಹುಳುವಿಗೆ ಅಂಥವು ಐದೇ ಜೊತೆ. ಹೊಲದಲ್ಲಿ ನಿಂತವರಿಗೆ ಅಲಗಿನ ಹಲ್ಲಿಗಿಂತ ಈ ಎಣಿಕೆಯೇ ಉಪಯೋಗದ್ದು. ಈ ಮೊಂಡುಗಾಲುಗಳಿಗೆ ‘ಮಿಥ್ಯಪಾದ’ ಎನ್ನುವಂತಿಲ್ಲ, ಶಾಲೆಯ ಪುಸ್ತಕಗಳು ಅದನ್ನು ಅಮೀಬಾಕ್ಕೆ ಕೊಟ್ಟಿವೆ. ಸದ್ಯ ‘ಹೊಟ್ಟೆಗಾಲು’ ಎಂದು ಬರೆದಿದ್ದೇನೆ. ಗಡಿಭಾಗದ ಹೊಲಗಳಲ್ಲಿ ಬೇರೆ ಮಾತು ಕೇಳಿದ್ದವರು ದಯವಿಟ್ಟು ಬುಧವಾರ ಸಂಜೆಯೊಳಗೆ ತಿಳಿಸಿ. ಇದ್ದರೆ ಅದನ್ನೇ ಹಾಕುತ್ತೇನೆ.